ಐದು ಆಯ್ಕೆಯ ಪ್ರಶ್ನೆಗೆ ಸರಾಸರಿ ತೆಗೆಯಬಹುದಾ? ಮಾಡಿದವರು ಹೇಳಿ

ಕಾರವಾರದ ಹುಡುಗ: ಬೈತಖೋಲದ 120 ಮೀನುಗಾರ ಮನೆಗಳ ಸರ್ವೆ ಮಾಡ್ತಿದ್ದೇನೆ. ‘ಪೂರ್ತಿ ಒಪ್ಪುತ್ತೇನೆ’ಯಿಂದ ‘ಒಪ್ಪುವುದೇ ಇಲ್ಲ’ದವರೆಗೆ ಐದು ಆಯ್ಕೆ. ಇದು ಆರ್ಡಿನಲ್ಲಾ (ಮೇಲೆ-ಕೆಳಗೆ ಕ್ರಮ ಮಾತ್ರ ಗೊತ್ತಿರೋದು), ಇಂಟರ್ವಲ್ಲಾ (ನಡುವಿನ ದೂರವೂ ಸಮ ಇರೋದು)? ಸರಾಸರಿ ಹಾಕಿದರೆ ವೈವಾದಲ್ಲಿ ಬೈತಾರಾ?

ಶಿರಸಿ ಅಡಿಕೆ: ನನ್ನ ಕಥೆ ಕೇಳು ತಮಾ. ಅಡಿಕೆ ಮಾರಾಟದ ಮೇಲೆ ಎಂ.ಫಿಲ್. ಅಡಿಕೆಯ ಬಗೆಗಳಿಗೆ ರಾಶಿ 1, ಬೆಟ್ಟೆ 2, ಚಾಲಿ 3, ಕೆಂಪುಗೋಟು 4 ಅಂತ ಕೋಡ್ ಹಾಕಿದೆ. ಕಂಪ್ಯೂಟರ್ ಸರಾಸರಿ 2.37 ಅಂದಿತು, ಸುಮ್ನೆ ಟೇಬಲ್‌ಗೆ ಏರಿಸಿದೆ. ಗೈಡ್ ಕೆಂಪು ಪೆನ್ನಲ್ಲಿ ‘2.37 ಅಡಿಕೆ ಎಲ್ಲಿ ಸಿಗುತ್ತದೆ? ನನಗೂ ಒಂದು ಕ್ವಿಂಟಲ್ ತಾ’ ಅಂತ ಬರೆದರು. ಒಂದು ಅಧ್ಯಾಯವೇ ಹೋಯ್ತು. ಮತ್ತೆ ಪ್ರಿಂಟ್, ಐದು ಪ್ರತಿ ಬೈಂಡಿಂಗ್, 2,850 ರೂಪಾಯಿ. ಧಾರವಾಡಕ್ಕೆ ಮೂರು ಸಲ ಬಸ್ ಬೇರೆ. ಹೆಸರಿನ ಬದಲು ನಂಬರ್ ಇಟ್ಟರೂ ಅದು ನಾಮಿನಲ್ಲೇ (ಕ್ರಮವಿಲ್ಲದ ಬರೀ ಹೆಸರು), ಎಣಿಸಬಹುದು ಅಷ್ಟೇ.

ಕುಮಟಾ ಅಕ್ಕ: ನಿಮ್ಮದು ಬರೀ ಪ್ರಿಂಟ್ ಖರ್ಚು. ನಾನು 140 ಮನೆಗೆ ಎರಡನೇ ಸಲ ಹೋದೆ, ಆಷಾಢದ ಮಳೆಯಲ್ಲಿ. ಆದಾಯಕ್ಕೆ ‘5 ಸಾವಿರದೊಳಗೆ, 5ರಿಂದ 10, 10ರ ಮೇಲೆ’ ಅಂತ ಖಾನೆ ಮಾಡಿದ್ದೆ. ರೇಶಿಯೋ (ಸೊನ್ನೆಯಿಂದ ಶುರುವಾಗುವ ನಿಜವಾದ ಅಳತೆ) ಆಗಬೇಕಾದದ್ದನ್ನು ಕೈಯಾರೆ ಆರ್ಡಿನಲ್ ಮಾಡಿಕೊಂಡೆ, ರಿಗ್ರೆಶನ್‌ಗೆ (ಒಂದು ಬದಲಾದರೆ ಇನ್ನೊಂದು ಎಷ್ಟು ಬದಲಾಗುತ್ತೆ ಅನ್ನೋ ಲೆಕ್ಕಕ್ಕೆ) ಕೂತಾಗ ಗೊತ್ತಾಯ್ತು. ಆಟೊಗೆ 1,760, ಒದ್ದೆಯಾಗಿ ಹಾಳಾದ ಫಾರ್ಮ್ 23. ಒಬ್ಬ ಅಜ್ಜಿ ‘ಹೋದ ಸಲ ಹೇಳಿದ್ದನ್ನ ಎಲ್ಲಿ ಚೆಲ್ಲಿಕೊಂಡೆ ತಂಗಿ’ ಅಂದರು! ರೂಪಾಯಿಯನ್ನೇ ಕೇಳಿ ಬರೆದುಕೊಳ್ಳಿ, ಖಾನೆ ಆಮೇಲೂ ಮಾಡಬಹುದು. ಮೀನನ್ನೂ ಬುಟ್ಟಿ ಲೆಕ್ಕದಲ್ಲಿ ಬರೆಯಬೇಡಿ, ಒಬ್ಬೊಬ್ಬರ ಬುಟ್ಟಿ ಒಂದೊಂದು ಅಳತೆ.

ಹೊನ್ನಾವರದವ: ಅವನು ಕೇಳಿದ್ದು ಲೈಕರ್ಟ್ ಸ್ಕೇಲ್, ಅಂದರೆ ಈ ಒಪ್ಪುವ-ಒಪ್ಪದ ಐದು ಆಯ್ಕೆ; ನೀವು ಅಡಿಕೆ ಸುಲಿಯುತ್ತಾ ಕೂತಿದ್ದೀರಿ. 1932ರಲ್ಲಿ ಅದನ್ನು ಮಾಡಿದ ಲೈಕರ್ಟ್ ತಾವೇ ಅಂಕ ಕೂಡಿಸಿದ್ದರು. ನಾನೂ ಹತ್ತು ಪ್ರಶ್ನೆ ಕೂಡಿಸಿ ಸರಾಸರಿ ತೆಗೆದೆ, ಪಾಸೂ ಆದೆ.

ಶಿರಸಿ ಅಡಿಕೆ: ಪಾಸಾದ್ದೆಲ್ಲ ಸರಿಯಾ? ಮನೋವಿಜ್ಞಾನಿ ಸ್ಟೀವನ್ಸ್ 1946ರ ಲೇಖನದಲ್ಲೇ ಅಳತೆಗಳನ್ನು ಈ ನಾಲ್ಕು ಬಗೆ ಮಾಡಿ, ಆರ್ಡಿನಲ್‌ಗೆ ಮೀಡಿಯನ್ (ಸಾಲಾಗಿ ಜೋಡಿಸಿದರೆ ನಡುವೆ ಬರೋದು) ಅಂದಿದ್ದಾರೆ. ‘ಒಪ್ಪುತ್ತೇನೆ’ಗೂ ‘ಪೂರ್ತಿ ಒಪ್ಪುತ್ತೇನೆ’ಗೂ ನಡುವಿನ ದೂರವನ್ನು ಟೇಪ್ ಹಿಡಿದು ಅಳೆದಿರಾ?

ಹೊನ್ನಾವರದವ: ಲೇಖನ ಪೂರ್ತಿ ಓದಿ ಹೆಗಡೇರೇ. ಆರ್ಡಿನಲ್ಲಿಗೆ ಸರಾಸರಿ ತೆಗೆಯೋದು ನಿಯಮದ ಪ್ರಕಾರ ತಪ್ಪಾದರೂ ಎಷ್ಟೋ ಕಡೆ ಅದರಿಂದ ಉಪಯೋಗ ಆಗಿದೆ ಅಂತಲೂ ಅದರಲ್ಲೇ ಇದೆ. ಒಂಟಿ ಪ್ರಶ್ನೆಗೆ ಮೀಡಿಯನ್, ಎರಡು ಗುಂಪು ಹೋಲಿಸಲು ಮಾನ್-ವಿಟ್ನಿ ಪರೀಕ್ಷೆ. ಹತ್ತು ಕೂಡಿಸಿದ ಮೊತ್ತಕ್ಕೆ ಸರಾಸರಿ. 2.37 ಅಡಿಕೆ ಬೆಳೆದವರು ನನಗೆ ಹೇಳೋದು ಬೇಡ.

ಶಿರಸಿ ಅಡಿಕೆ: ನಾನು ಹೆಗಡೆ ಅಂತ ಯಾರು ಹೇಳಿದ್ದು? ಶಿರಸಿಯವರೆಲ್ಲ ಹೆಗಡೆಯಾ?

ಕುಮಟಾ ಅಕ್ಕ: ಅದಿರಲಿ, ಕೆಂಪುಗೋಟಿಗೆ ದರ ಕಡಿಮೆ ಅಲ್ವಾ? ಹಾಗಾದ್ರೆ ಅಡಿಕೆಯೂ ಆರ್ಡಿನಲ್ಲೇ.

ಶಿರಸಿ ಅಡಿಕೆ: ಮಾರಾಯ್ತಿ, ದರ ಬೇಕಿದ್ರೆ ರೂಪಾಯಿಯಲ್ಲಿ ಬರೆ, ಅದು ರೇಶಿಯೋ. ರಾಶಿ ಬೇಯಿಸಿದ್ದು, ಚಾಲಿ ಬಿಸಿಲಿಗೆ ಒಣಗಿಸಿದ್ದು. ಯಾವುದು ಮೇಲೆ, ಯಾವುದು ಕೆಳಗೆ?

ಕುಮಟಾ ಅಕ್ಕ: ನಮ್ಮಪ್ಪನ್ನ ಕೇಳಿ, ಹೇಳ್ತಾರೆ. ಚಾಲಿ ಬಿಟ್ಟು ಬೇರೆಯದನ್ನು ಅವರು ಅಡಿಕೆ ಅಂತಲೇ ಲೆಕ್ಕಕ್ಕೆ ಹಿಡಿಯಲ್ಲ.