ಯಮಹಾ ಆರ್‌ಎಕ್ಸ್ 100 ಬೈಕ್: 250 ಮೀಟರ್ ದಾಟಿದೊಡನೆ ಎಂಜಿನ್ ಸೊರಗುತ್ತದೆ, ಜೆಟ್ ಬದಲಿಸಿದರೂ ಪ್ರಯೋಜನವಿಲ್ಲ

ಕೋಥ್ರೂಡ್ ಸವಾರ:
ಮೂರು ವಾರಗಳಿಂದ ಈ ಗಾಡಿಯ ಮುಂದೆ ಕುಳಿತು ಸೋತುಹೋಗಿದ್ದೇನೆ. ಪೋರ್ಟ್ ಕೆಲಸ (ಸಿಲಿಂಡರಿನ ಗಾಳಿದಾರಿಗಳನ್ನು ತಿದ್ದುವುದು), ಎಕ್ಸ್‌ಪ್ಯಾನ್ಶನ್ ಚೇಂಬರ್ (ರೇಸಿಂಗ್ ಸೈಲೆನ್ಸರ್), ಪೆಟ್ರೋಲಿಗೆ ಗಾಳಿ ಬೆರೆಸುವ 26 ಮಿ.ಮೀ. ಕಾರ್ಬ್ಯುರೇಟರ್ ಎಲ್ಲವೂ ಆಗಿವೆ. ಲೋಣಾವಳ ಬಳಿಯ ಆಂಬಿ ವ್ಯಾಲಿಯ ಏರ್‌ಸ್ಟ್ರಿಪ್‌ನಲ್ಲಿ 402 ಮೀಟರ್ (ಕಾಲು ಮೈಲಿ) ಡ್ರ್ಯಾಗ್ ಓಟಕ್ಕೆ ಬಿಟ್ಟಾಗ ಮೂರನೆಯ ಗೇರಿನವರೆಗೆ ಚೆನ್ನಾಗಿ ಎಳೆಯುವ ಗಾಡಿ, ನಾಲ್ಕಕ್ಕೆ ಹಾಕಿ 250 ಮೀಟರ್ ದಾಟುತ್ತಿದ್ದಂತೆ ಉಸಿರುಗಟ್ಟಿದಂತೆ ಸೊರಗುತ್ತದೆ. ಒಂದು ನಿಮಿಷ ನಿಲ್ಲಿಸಿದರೆ ತಾನಾಗಿಯೇ ಸರಿಹೋಗುತ್ತದೆ.

ಡೊಂಬಿವಲಿ ಟೂ ಸ್ಟ್ರೋಕ್:
ಮೇನ್ ಜೆಟ್, ಅಂದರೆ ಕಾರ್ಬ್ಯುರೇಟರ್‌ನಲ್ಲಿ ಪೆಟ್ರೋಲ್ ಹಾದುಹೋಗುವ ರಂಧ್ರ, ಚಿಕ್ಕದಾಗಿದೆ. ಪೂರ್ತಿ ರೇಸ್‌ನಲ್ಲಿ (ಆಕ್ಸಿಲರೇಟರ್ ಪೂರ್ತಿ ತಿರುಗಿಸಿ) ಇರುವಾಗಲೇ ಎಂಜಿನ್ ಆಫ್ ಮಾಡಿ, ಕ್ಲಚ್ ಹಿಡಿದು ನಿಲ್ಲಿಸಿ, ಪ್ಲಗ್ ಬಿಚ್ಚಿ ಬಣ್ಣ ತಿಳಿಸಿ.

ಕೋಥ್ರೂಡ್ ಸವಾರ:
ಪ್ಲಗ್ ಬೆಳ್ಳಗಿದೆ. ಮೂರು ಬಾರಿ ದೊಡ್ಡ ಜೆಟ್ ಹಾಕಿದೆ. ಈಗ ಆರಂಭದಲ್ಲೇ ತಡವರಿಸುತ್ತದೆ, ಆದರೆ ಸೊರಗುವುದು ಅದೇ ಜಾಗದಲ್ಲಿ.

ಡೊಂಬಿವಲಿ ಟೂ ಸ್ಟ್ರೋಕ್:
ಹಾಗಾದರೆ ಇನ್ನೊಂದು ಅಳತೆ ಮೇಲಕ್ಕೆ ಹೋಗಿ. ಬೆಳ್ಳಗಿನ ಪ್ಲಗ್ ಸುಳ್ಳು ಹೇಳುವುದಿಲ್ಲ, ಪೆಟ್ರೋಲ್ ಸಾಲುತ್ತಿಲ್ಲ.

ಥಾಣೆ ಹಯಬುಸ:
ಆಯಿಲ್ ಪಂಪ್ ತೆಗೆದು ಪೆಟ್ರೋಲಿಗೇ ಎಣ್ಣೆ ಬೆರೆಸುತ್ತಿದ್ದೀರಾ? ಎಣ್ಣೆ ಹೆಚ್ಚಾದಷ್ಟೂ ಅದೇ ಜೆಟ್‌ನಲ್ಲಿ ಹೋಗುವ ಪೆಟ್ರೋಲ್ ಕಡಿಮೆಯಾಗುತ್ತದೆ.

ಡೊಂಬಿವಲಿ ಟೂ ಸ್ಟ್ರೋಕ್:
ಎಣ್ಣೆ ಕಡಿಮೆ ಮಾಡುವ ಸಲಹೆಯನ್ನು ದಯವಿಟ್ಟು ಇಲ್ಲಿ ಕೊಡಬೇಡಿ, ಪಿಸ್ಟನ್ ಸೀಜ್ ಆಗುತ್ತದೆ (ಸಿಲಿಂಡರಿನಲ್ಲಿ ಕಚ್ಚಿಕೊಳ್ಳುತ್ತದೆ).

ಮಡಗಾಂವ್ ಮೆಕ್ಯಾನಿಕ್:
ಇಬ್ಬರೂ ಸ್ವಲ್ಪ ತಾಳಿ. ಜೆಟ್ ಚಿಕ್ಕದಾಗಿದ್ದರೆ ಪೂರ್ತಿ ರೇಸ್ ಕೊಟ್ಟ ಮೊದಲ ಕ್ಷಣದಿಂದಲೇ ಗೊತ್ತಾಗುತ್ತಿತ್ತು. ಹತ್ತು ಸೆಕೆಂಡು ಕಾದು ಬರುವ, ನಿಲ್ಲಿಸಿದರೆ ವಾಸಿಯಾಗುವ ಕಾಯಿಲೆ ಎಂದರೆ ಫ್ಲೋಟ್ ಚೇಂಬರ್ (ಕಾರ್ಬ್ಯುರೇಟರ್‌ನಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲು) ಖಾಲಿಯಾಗುತ್ತಿದೆ ಎಂದೇ ಅರ್ಥ. ಮತ್ತೆ ಓಡಿಸುವ ಮುನ್ನ ಕಾರ್ಬ್ಯುರೇಟರ್‌ನಿಂದ ಪೈಪ್ ಕಳಚಿ, ಒಂದು ನಿಮಿಷದಲ್ಲಿ ಎಷ್ಟು ಪೆಟ್ರೋಲ್ ಬೀಳುತ್ತದೆ ಎಂದು ಅಳತೆಯ ಲೋಟದಲ್ಲಿ ಹಿಡಿಯಿರಿ, ಒಮ್ಮೆ ಟ್ಯಾಂಕ್ ಮುಚ್ಚಳ ಹಾಕಿ, ಇನ್ನೊಮ್ಮೆ ತೆಗೆದು. ಬೆಂಕಿಯಿಂದ ದೂರವಿರಿ. ಇತ್ತೀಚೆಗೆ ಟ್ಯಾಂಕಿಗೆ ಏನಾದರೂ ಮಾಡಿಸಿದ್ದೀರಾ?

ಕೋಥ್ರೂಡ್ ಸವಾರ:
ಕಳೆದ ತಿಂಗಳು ಟ್ಯಾಂಕಿಗೂ ಮುಚ್ಚಳಕ್ಕೂ ಬಣ್ಣ ಹೊಡೆಸಿದ್ದೆ. ಅದಕ್ಕೂ ಎಂಜಿನ್‌ಗೂ ಸಂಬಂಧವಿದೆ ಎಂದು ಹೊಳೆಯಲೇ ಇಲ್ಲ. ಮುಚ್ಚಳ ತೆಗೆದಾಗ 340 ಮಿ.ಲೀ. ಬಿತ್ತು. ಹಾಕಿದಾಗ ಧಾರೆ ಕೆಲವೇ ಸೆಕೆಂಡುಗಳಲ್ಲಿ ಸಣ್ಣಗಾಗಿ, ಕೊನೆಗೆ ಸಿಕ್ಕಿದ್ದು 70 ಮಿ.ಲೀ. ಮಾತ್ರ. ಆದರೆ ಊರಿನೊಳಗೆ ಓಡಿಸುವಾಗ ಹೀಗೆ ಆದದ್ದೇ ಇಲ್ಲವಲ್ಲ?

ಮಡಗಾಂವ್ ಮೆಕ್ಯಾನಿಕ್:
ನಿಮ್ಮ ಎಂಜಿನ್ ಪೂರ್ತಿ ರೇಸ್‌ನಲ್ಲಿ ನಿಮಿಷಕ್ಕೆ ನೂರು ಮಿ.ಲೀ.ಗಿಂತ ಹೆಚ್ಚೇ ಕುಡಿಯುತ್ತದೆ, ಊರೊಳಗೆ ಅಷ್ಟು ಬೇಡ. ಮುಚ್ಚಳದ ಗಾಳಿರಂಧ್ರ ಬಣ್ಣದಿಂದ ಮುಚ್ಚಿಕೊಂಡಿದ್ದರೆ, ಪೆಟ್ರೋಲ್ ಇಳಿದಂತೆ ಒಳಗೆ ಒತ್ತಡ ಕುಸಿದು ಧಾರೆಯನ್ನು ಹಿಂದಕ್ಕೆ ಎಳೆಯುತ್ತದೆ. ಓಟಕ್ಕೆ ಮುನ್ನ ಕಂಠದವರೆಗೆ ತುಂಬಿಸಿದ್ದರೆ ಇನ್ನೂ ಕಷ್ಟ: ಮೇಲೆ ಉಳಿದಿರುವ ಗಾಳಿ ಅರ್ಧ ಲೀಟರಿನಷ್ಟೇ ಆದರೆ, 25 ಮಿ.ಲೀ. ಇಳಿಯುವಷ್ಟರಲ್ಲಿ ಒತ್ತಡ ಶೇಕಡಾ 5ರಷ್ಟು ತಗ್ಗುತ್ತದೆ, ಧಾರೆಯನ್ನು ತಡೆಯಲು ಅಷ್ಟು ಸಾಕು.

ಕೋಥ್ರೂಡ್ ಸವಾರ:
ಪ್ರತಿ ಬಾರಿಯೂ ತುಂಬಿಸಿಯೇ ಹೊರಡುತ್ತಿದ್ದೆ. ಸೂಜಿಯಿಂದ ರಂಧ್ರ ಬಿಡಿಸಿದೆ; ಈಗ ಮುಚ್ಚಳ ಹಾಕಿದರೂ 330 ಬೀಳುತ್ತಿದೆ.

ಮಡಗಾಂವ್ ಮೆಕ್ಯಾನಿಕ್:
ಹಳೆಯ ಜೆಟ್ಟನ್ನೇ ವಾಪಸ್ ಹಾಕಿ. ಇಷ್ಟು ದಿನ ಪೆಟ್ರೋಲ್ ಸಾಲದೆ ಓಡಿದ ಎಂಜಿನ್ ಅದು, ಸಿಲಿಂಡರ್ ಬಿಚ್ಚಿ ಪಿಸ್ಟನ್ ಮೇಲೆ ಗೀರು ಬಿದ್ದಿದೆಯೇ ನೋಡದೆ ಏರ್‌ಸ್ಟ್ರಿಪ್‌ಗೆ ಒಯ್ಯಬೇಡಿ.

ಡೊಂಬಿವಲಿ ಟೂ ಸ್ಟ್ರೋಕ್:
ಸಿಲಿಂಡರ್ ಬಿಚ್ಚಿದಾಗ ಪಿಸ್ಟನ್ನಿನ ಎರಡೂ ಬದಿಯ ಫೋಟೋ ಹಾಕಿ. ಆದರೂ ಒಂದು ಅಳತೆ ದೊಡ್ಡ ಜೆಟ್ಟೇ ಕ್ಷೇಮ ಎಂಬುದು ನನ್ನ ಅಭಿಪ್ರಾಯ.