ಹೊಲಕ್ಕೆ ನುಗ್ಗುವ ಕಾಡುಹಂದಿಗೆ ಉರುಳು ಹಾಕಬಹುದಾ? ಕಾನೂನು ಗೊತ್ತಿರುವವರು ಹೇಳಿ

ಜಗಳೂರಿನ ಜೋಳದವನು

ಎಲ್ಲರಿಗೂ ನಮಸ್ಕಾರ. ನಮ್ಮ ಹೊಲ ಜಗಳೂರು ತಾಲ್ಲೂಕಿನಲ್ಲಿ, ರಂಗಯ್ಯನದುರ್ಗ ಕಾಡಿನ ಕಡೆಗಿದೆ. ಮೆಕ್ಕೆಜೋಳ ಹಾಲುಗಟ್ಟುವ ಹೊತ್ತಿಗೆ ಸರಿಯಾಗಿ ಹಂದಿಗಳು ಬರುತ್ತವೆ. ತಿನ್ನುವುದು ಸ್ವಲ್ಪ, ಕೆಡವಿ ತುಳಿಯುವುದೇ ಜಾಸ್ತಿ. ರಾತ್ರಿಯೆಲ್ಲ ಕಾದು ಪಟಾಕಿ ಹೊಡೆದರೆ ಪಕ್ಕದ ಹೊಲಕ್ಕೆ ಹೋಗಿ, ನಮಗೆ ಕಣ್ಣು ಹತ್ತಿದ ಮೇಲೆ ವಾಪಸ್ ಬರುತ್ತವೆ.

ಪಕ್ಕದ ಹೊಲದ ಅಣ್ಣ ಬೈಕಿನ ಕ್ಲಚ್ ವೈರಿನಲ್ಲಿ ಉರುಳು ಮಾಡಿ ಬದುವಿಗೆ ಕಟ್ಟೋಣ ಅನ್ನುತ್ತಿದ್ದಾರೆ. ನಮ್ಮ ಹೊಲ, ನಮ್ಮ ಬದು, ಯಾರು ಕೇಳುತ್ತಾರೆ ಅನ್ನೋದು ಅವರ ವಾದ. ಇನ್ನೊಬ್ಬರು ಕರೆಂಟ್ ತಂತಿ ಎಳೆಯೋಣ ಅಂತಾರೆ. ನಮ್ಮ ತಾತನ ಕಾಲದಲ್ಲಿ ಲೈಸೆನ್ಸ್ ತೆಗೆದುಕೊಂಡು ಬೇಟೆ ಆಡುತ್ತಿದ್ದರಂತೆ, ಅದು ಈಗ ಏನಾಯಿತು? ಕೇರಳದಲ್ಲಿ ಪಂಚಾಯಿತಿ ಅಧ್ಯಕ್ಷರೇ ಹಂದಿ ಹೊಡೆಸಲು ಆರ್ಡರ್ ಕೊಡಬಹುದು ಅಂತ ಓದಿದೆ. ನಮ್ಮ ರಾಜ್ಯದಲ್ಲಿ ಅಂಥ ಕಾನೂನು ಯಾಕಿಲ್ಲ? ಬುದ್ಧಿವಾದ ಬೇಡ, ಏನು ಮಾಡಬಹುದು, ಏನು ಮಾಡಬಾರದು ಅಂತ ಹೇಳಿ ಸಾಕು.

ದುರ್ಗದ ಕರಿಕೋಟು

ಮೊದಲು ಉರುಳಿನ ವಿಷಯ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಅಂದರೆ ಬಂದೂಕಿನಲ್ಲಿ ಹೊಡೆಯುವುದು ಮಾತ್ರ ಅಲ್ಲ. ಹಿಡಿಯುವುದು, ಉರುಳು ಹಾಕುವುದು, ವಿಷ ಇಡುವುದು, ಇವುಗಳಿಗೆ ಪ್ರಯತ್ನ ಮಾಡುವುದು, ಎಲ್ಲವೂ ಬೇಟೆಯೇ. ಜಾಗ ನಿಮ್ಮದಾ ಸರ್ಕಾರದ್ದಾ ಅಂತ ಅದು ಕೇಳುವುದೇ ಇಲ್ಲ. ಹಂದಿ ಬೀಳದೆ ಖಾಲಿ ಉರುಳು ಸಿಕ್ಕರೂ ಕೇಸು ಆಗುತ್ತದೆ. ಮೀಸಲು ಅರಣ್ಯದೊಳಗೆ ಕಟ್ಟಿದ್ದರೆ ಕರ್ನಾಟಕ ಅರಣ್ಯ ಕಾಯ್ದೆ 1963 ಕೂಡ ಸೇರಿಕೊಳ್ಳುತ್ತದೆ.

ಈ ಕಾಯ್ದೆಯಲ್ಲಿ ರಕ್ಷಿತ ಪ್ರಾಣಿಗಳ ಪಟ್ಟಿಗೆ ಷೆಡ್ಯೂಲ್ ಅಂತಾರೆ, ಕಾಡುಹಂದಿ ಈಗ ಎರಡನೇ ಷೆಡ್ಯೂಲ್‌ನಲ್ಲಿದೆ. 2022ರ ತಿದ್ದುಪಡಿಗೆ ಮುಂಚೆ ಮೂರನೆಯದರಲ್ಲಿತ್ತು. ಆ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಎರಡನೇ ಷೆಡ್ಯೂಲ್ ಪ್ರಾಣಿಗೆ ಮೂರು ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಆದರೆ ನಿಮಗೆ ನಿಜವಾದ ಅಪಾಯ ಇರುವುದು ಬೇರೆ ಕಡೆ. ಹಂದಿಗೆ ಅಂತ ಕಟ್ಟಿದ ಉರುಳಿಗೆ ಕರಡಿ ಬೀಳಬಹುದು, ಚಿರತೆ ಬೀಳಬಹುದು. ನಿಮ್ಮ ಕಾಡು ಕೊಂಡುಕುರಿಗಾಗಿಯೇ (ನಾಲ್ಕು ಕೊಂಬಿನ, ಜಿಂಕೆಯಂಥ ಪ್ರಾಣಿ) ವನ್ಯಜೀವಿಧಾಮ ಆಗಿರುವುದು, ಅದೂ ಬೀಳಬಹುದು. ಇವೆಲ್ಲ ಮೊದಲನೇ ಷೆಡ್ಯೂಲ್. ಕನಿಷ್ಠ ಮೂರು ವರ್ಷ ಜೈಲು, ಏಳು ವರ್ಷದವರೆಗೂ ಹೋಗಬಹುದು, ದಂಡ ಕನಿಷ್ಠ 25,000. ಹಂದಿಗೆ ಕಟ್ಟಿದ್ದು ಸ್ವಾಮಿ, ಕರಡಿಗೆ ಅಲ್ಲ ಅಂದರೆ ಕೋರ್ಟಿನಲ್ಲಿ ನಡೆಯುವುದಿಲ್ಲ. ಬೇಟೆಗೆ ಬಳಸಿದ ಗಾಡಿ, ಆಯುಧ ಕೂಡ ಸರ್ಕಾರದ ಪಾಲಾಗುತ್ತವೆ. ಸತ್ತ ಪ್ರಾಣಿಯೂ ಸರ್ಕಾರದ್ದೇ, ಮಾಂಸ ಹಂಚಿಕೊಂಡವರು ಒಬ್ಬೊಬ್ಬರಾಗಿ ಆರೋಪಿ ಪಟ್ಟಿ ಸೇರುತ್ತಾರೆ.

ತಾತನ ಲೈಸೆನ್ಸ್ ಸುಳ್ಳಲ್ಲ. 1972ಕ್ಕೆ ಮುಂಚೆ ನಮ್ಮ ರಾಜ್ಯದ್ದೇ ಕಾನೂನು ಇತ್ತು, ಮೈಸೂರು ವನ್ಯಪ್ರಾಣಿ ಮತ್ತು ಪಕ್ಷಿ ಸಂರಕ್ಷಣಾ ಕಾಯ್ದೆ 1963. ಕೇಂದ್ರದ ಕಾಯ್ದೆ ಬಂದ ಮೇಲೂ ಕೆಲವು ಪ್ರಾಣಿಗಳಿಗೆ ಬೇಟೆ ಲೈಸೆನ್ಸ್ ಸಿಗುತ್ತಿತ್ತು. 1991ರ ತಿದ್ದುಪಡಿಯಲ್ಲಿ ಅದನ್ನು ಪೂರ್ತಿ ತೆಗೆದರು. ಈಗ ಬೆಳೆ ರಕ್ಷಣೆಗೆ ಅಂತ ಕೊಡುವ ಬಂದೂಕು ಪರವಾನಗಿ ಬಂದೂಕು ಇಟ್ಟುಕೊಳ್ಳಲು ಮಾತ್ರ. ಅದು ಬೇಟೆಯ ಪರವಾನಗಿ ಅಲ್ಲ. ನಮ್ಮ ಕಡೆ ಬಹಳ ಜನ ಎರಡೂ ಒಂದೇ ಅಂದುಕೊಂಡು ಸಿಕ್ಕಿಹಾಕಿಕೊಳ್ಳುತ್ತಾರೆ.

ಕೇರಳದ್ದು ಹೊಸ ಕಾನೂನೇನೂ ಆಗಿರಲಿಲ್ಲ. ಇದೇ ಕಾಯ್ದೆಯ ಸೆಕ್ಷನ್ 11ರಲ್ಲಿ, ನಿಂತ ಬೆಳೆಗೆ ಅಪಾಯ ಮಾಡುವ ಎರಡನೇ ಷೆಡ್ಯೂಲ್ ಪ್ರಾಣಿಯನ್ನು ಕೊಲ್ಲಲು ರಾಜ್ಯದ ಮುಖ್ಯ ವನ್ಯಜೀವಿ ಪಾಲಕರು ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿ ಲಿಖಿತ ಆದೇಶ ಕೊಡಬಹುದು. 2022ರಲ್ಲಿ ಕೇರಳ ಆ ಅಧಿಕಾರವನ್ನು ಪಂಚಾಯಿತಿ ಅಧ್ಯಕ್ಷರ ಮಟ್ಟಕ್ಕೆ ಇಳಿಸಿತು, ಅಷ್ಟೇ. ಅಂದರೆ ಆ ಬಾಗಿಲು ಕರ್ನಾಟಕಕ್ಕೂ ಇದೆ.

ಚಳ್ಳಕೆರೆ ಶೇಂಗಾ

ಕರಿಕೋಟು ಸರ್, ಬಾಗಿಲು ಇದೆ ಅಂತೀರಿ, ಅದರ ಬೀಗ ತೆಗೆಯೋದು ಯಾರು? ನಮ್ಮ ಕಡೆ ಶೇಂಗಾ ಬಿತ್ತಿದ ದಿನದಿಂದ ಹಂದಿ ಸಾಲು ಹಿಡಿದು ಬೀಜ ಕೆದಕುತ್ತದೆ, ಮೊಳಕೆ ಬಂದರೆ ನವಿಲು, ಎಲೆ ಬಂದರೆ ಕೃಷ್ಣಮೃಗ. ನವಿಲು, ಕೃಷ್ಣಮೃಗ ಎರಡೂ ಮೊದಲನೇ ಷೆಡ್ಯೂಲ್, ಅವನ್ನು ಓಡಿಸಬಹುದೇ ಹೊರತು ಮುಟ್ಟುವ ಹಾಗಿಲ್ಲ, ಅದು ಸರಿ ಅಂತಲೇ ಇಟ್ಟುಕೊಳ್ಳೋಣ. ಹಂದಿಗಾದರೂ ಒಂದು ದಾರಿ ಬೇಡವಾ? ಬಿಹಾರ, ಉತ್ತರಾಖಂಡಕ್ಕೆ ಕೇಂದ್ರವೇ ಹಂದಿಯನ್ನು ಉಪದ್ರವಕಾರಿ (ಅಂದರೆ ಕೊಂದರೂ ಬೇಟೆ ಕೇಸಿಲ್ಲ) ಅಂತ ಘೋಷಿಸಿ ಕೊಟ್ಟಿತ್ತಲ್ಲ. ನಮ್ಮ ವಿಧಾನಸೌಧದಲ್ಲಿ ಕೂತವರು ಸ್ವಂತ ಕಾನೂನು ಮಾಡಿದರೆ ಯಾರು ಬೇಡ ಅಂತಾರೆ?

ದುರ್ಗದ ಕರಿಕೋಟು

ಆ ಘೋಷಣೆ ಸೆಕ್ಷನ್ 62ರ ಕೆಳಗೆ, ನಿರ್ದಿಷ್ಟ ಜಿಲ್ಲೆಗಳಿಗೆ, ನಿರ್ದಿಷ್ಟ ಅವಧಿಗೆ. ಅದನ್ನು ಮಾಡುವ ಅಧಿಕಾರ ಕೇಂದ್ರಕ್ಕೆ ಮಾತ್ರ. ಕೇರಳ ಎಷ್ಟೋ ಸಲ ಕೇಳಿದರೂ ಕೇಂದ್ರ ಕೊಡಲಿಲ್ಲ. ಕೊನೆಗೆ 2025ರ ಅಕ್ಟೋಬರ್‌ನಲ್ಲಿ ಅಲ್ಲಿನ ವಿಧಾನಸಭೆ ತನ್ನದೇ ತಿದ್ದುಪಡಿ ಮಸೂದೆ ಪಾಸು ಮಾಡಿತು. ಆದರೆ 1976ರಿಂದ ವನ್ಯಜೀವಿ ವಿಷಯ ಸಮವರ್ತಿ ಪಟ್ಟಿಯಲ್ಲಿದೆ, ಅಂದರೆ ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದು. ರಾಜ್ಯದ ಕಾನೂನು ಕೇಂದ್ರದ ಕಾಯ್ದೆಗೆ ಅಡ್ಡ ಬಂದರೆ ರಾಷ್ಟ್ರಪತಿಗಳ ಅಂಕಿತ ಬೇಕು. ನಾವು ಈ ದಾರಿ ಹಿಡಿದರೆ ವರ್ಷಗಟ್ಟಲೆ ಕಾಯಬೇಕು. ಸೆಕ್ಷನ್ 11ರ ಅಧಿಕಾರವನ್ನು ಕೆಳಗಿನ ಹಂತಕ್ಕೆ ಕೊಡಿ ಅಂತ ಗ್ರಾಮಸಭೆಯಲ್ಲಿ ನಿರ್ಣಯ ಮಾಡಿ, ಶಾಸಕರ ಹಿಂದೆ ಬಿದ್ದು ಕೇಳುವುದು ಇದಕ್ಕಿಂತ ಹತ್ತಿರದ ದಾರಿ. ಅದಕ್ಕೆ ಹೊಸ ಕಾನೂನೇ ಬೇಕಿಲ್ಲ, ಒಂದು ಸರ್ಕಾರಿ ಆದೇಶ ಸಾಕು.

ಹೊಳಲ್ಕೆರೆ ತೋಟ

ಕಾನೂನು ಆಯ್ತು, ಬೇಲಿ ವಿಷಯಕ್ಕೆ ಬರ್ತೀನಿ. ಜೋಳದವರೇ, ಮನೆ ಲೈನಿನಿಂದಲೋ ಮೋಟರ್ ಲೈನಿನಿಂದಲೋ ನೇರ ಕರೆಂಟ್ ಎಳೆಯೋದು ದಯವಿಟ್ಟು ಮರೆತುಬಿಡಿ. ಅದಕ್ಕೆ ಸಿಕ್ಕಿ ಸಾಯುವವರಲ್ಲಿ ಬೆಳಗಿನ ಜಾವ ನೀರು ಕಟ್ಟಲು ಬಂದ ರೈತರೇ ಇರುತ್ತಾರೆ. ಮನುಷ್ಯ ಸತ್ತರೆ ವನ್ಯಜೀವಿ ಕೇಸಲ್ಲ, ಜೀವ ತೆಗೆದ ಕೇಸು.

ಸೋಲಾರ್ ಬೇಲಿ ಬೇರೆ. ಬ್ಯಾಟರಿಯಿಂದ ಎನರ್ಜೈಸರ್‌ಗೆ (ಬೇಲಿಗೆ ಹೊಡೆತ ಕಳಿಸುವ ಪೆಟ್ಟಿಗೆ) ಹೋಗಿ ಸೆಕೆಂಡಿಗೆ ಒಂದು ಸಲ ಹೊಡೆತ ಬರುತ್ತದೆ, ಕ್ಷಣ ಮಾತ್ರ ಇರುವುದರಿಂದ ಜೀವಕ್ಕೆ ಅಪಾಯ ಇಲ್ಲ. ಆದರೆ ಅಂಗಡಿಯವರು ಹಾಕಿಕೊಟ್ಟು ಹೋದ ಹಾಗೆ ಬಿಟ್ಟರೆ ಹಂದಿ ಆರಾಮಾಗಿ ಕೆಳಗೆ ನುಸುಳುತ್ತದೆ. ಕೆಳಗಿನ ತಂತಿ ನೆಲದಿಂದ ಒಂದು ಅಡಿಯೊಳಗೆ ಇರಬೇಕು, ಮೂತಿಗೆ ತಾಗಬೇಕು. ಅಷ್ಟು ಕೆಳಗೆ ಇದ್ದರೆ ಹುಲ್ಲು ತಾಗಿ ಹೊಡೆತ ಸತ್ತುಹೋಗುತ್ತದೆ, ಹಾಗಾಗಿ ಬುಡ ಸವರುತ್ತಲೇ ಇರಬೇಕು. ಇನ್ನೊಂದು, ನಮ್ಮ ಒಣ ಮಣ್ಣಿನಲ್ಲಿ ಬೇಸಿಗೆಗೆ ಅರ್ಥಿಂಗ್ ಹಿಡಿಯುವುದಿಲ್ಲ. ರಾಡ್ ಸುತ್ತ ಇದ್ದಿಲು, ಉಪ್ಪು ಹಾಕಿ ಆಗಾಗ ನೀರು ಬಿಡಿ, ಇಲ್ಲವೇ ಮಧ್ಯದ ಒಂದು ತಂತಿಯನ್ನೇ ಅರ್ಥ್ ಮಾಡಿ. ಇದನ್ನು ಯಾವ ಅಂಗಡಿಯವನೂ ಹೇಳಲ್ಲ. ಕಾಡಂಚಿನ ಊರುಗಳಿಗೆ ಅರಣ್ಯ ಇಲಾಖೆಯ ಸಹಾಯಧನ ಇದೆ, ಅನುದಾನ ಬಂದಿದೆಯಾ ಅಂತ ವಲಯ ಕಚೇರಿಯಲ್ಲಿ ಕೇಳಿ.

ಬೆಳೆ ಹೋದ ದಿನವೇ 1926ಕ್ಕೆ ಫೋನ್ ಮಾಡಿ, ಅದು ಅರಣ್ಯ ಸಹಾಯವಾಣಿ. ಫೋಟೊ, ಪಹಣಿ, ಆಧಾರ್, ಪಾಸ್‌ಬುಕ್ ಇಟ್ಟುಕೊಂಡು ಪರಿಹಾರಕ್ಕೆ ಅರ್ಜಿ ಹಾಕಿ. ಸಿಗುವ ದುಡ್ಡು ಬೀಜ ಗೊಬ್ಬರದ ಖರ್ಚಿಗೂ ಸಾಲಲ್ಲ, ನಿಜ. ಆದರೂ ಹಾಕಿ, ಹಾನಿ ದಾಖಲಾಗದೆ ನಾಳೆ ಆ ಸೆಕ್ಷನ್ 11ರ ಆದೇಶ ಕೇಳುವಾಗ ತೋರಿಸಲು ನಿಮ್ಮ ಕೈಯಲ್ಲಿ ಏನಿರುತ್ತದೆ?

ಮಠದ ಕುರುಬರಹಟ್ಟಿ ಹುಡುಗ

ಸೈಡಲ್ಲಿ ಒಂದು ಡೌಟು. ನಮ್ಮ ಕಡೆ ಸಂಕ್ರಾಂತಿಗೆ ಮೊಲ ಹಿಡಿದು ಪೂಜೆ ಮಾಡಿ ಬಿಡುವ ಪದ್ಧತಿ ಇದೆ. ಕೊಲ್ಲೋದಿಲ್ಲ, ಸುಮ್ನೆ ಬಿಡ್ತಾರೆ. ಅದೂ ಬೇಟೆನಾ?

ದುರ್ಗದ ಕರಿಕೋಟು

ಕಾಯ್ದೆಯ ಅಕ್ಷರದ ಪ್ರಕಾರ ಹೌದು, ಮೊಲವೂ ಪಟ್ಟಿಯಲ್ಲಿದೆ, ಹಿಡಿಯುವುದೂ ಬೇಟೆ. ಮನೆಯ ಇಲಿ, ಹೆಗ್ಗಣದಂಥವಕ್ಕೆ ಈ ತಾಪತ್ರಯ ಇಲ್ಲ.

ಜಗಳೂರಿನ ಜೋಳದವನು

ಎಲ್ಲರಿಗೂ ಥ್ಯಾಂಕ್ಸ್. ಉರುಳು ಬೇಡ ಅಂತ ಅಣ್ಣನಿಗೆ ಕರಡಿ ಕೇಸಿನ ಲೆಕ್ಕ ಹೇಳಿದೆ, ಒಪ್ಪಿದ್ದಾರೆ. ಆದರೆ ಆಚೆ ಹೊಲದವರು ಆಗಲೇ ಮೋಟರ್ ಲೈನಿನಿಂದ ತಂತಿ ಎಳೆದಿದ್ದಾರೆ, ಹೇಳಿದರೆ ನಮ್ಮ ಮೇಲೇ ಜಗಳಕ್ಕೆ ಬರುತ್ತಾರೆ. ಏನು ಮಾಡೋದು?

ಹೊಳಲ್ಕೆರೆ ತೋಟ

ನೀವು ಬಿಚ್ಚಲು ಹೋಗಬೇಡಿ, ಕೋಲಿನಿಂದಲೂ ಮುಟ್ಟಬೇಡಿ. ಬೆಸ್ಕಾಂ 1912ಕ್ಕೆ ಫೋನ್ ಮಾಡಿ ಸರ್ವೆ ನಂಬರ್ ಹೇಳಿ, ಇಲ್ಲವೇ ಲೈನ್‌ಮನ್‌ಗೆ ತಿಳಿಸಿ. ಅವರು ಬರುವವರೆಗೆ ದನ, ಮಕ್ಕಳನ್ನು ಆ ಬದುವಿನ ಕಡೆ ಬಿಡಬೇಡಿ, ರಾತ್ರಿ ಕಾಯುವವರಿಗೂ ಇವತ್ತೇ ಹೇಳಿಬಿಡಿ.