ಅಪ್‌ಡೇಟ್: ಮಳೆಗೆ ಡಿಶ್ ಸಿಗ್ನಲ್ ಹೋಗೋದು, ರೀಚಾರ್ಜ್ ಬೇಗ ಖಾಲಿ ಆಗೋದು - ಕಾರವಾರ

ಕಾರವಾರದಲ್ಲಿ ನಮ್ಮನೆ ಡಿಶ್ ಸಣ್ಣ ಮಳೆಗೂ ಸಿಗ್ನಲ್ ಬಿಡ್ತದೆ, ರೀಚಾರ್ಜ್ ಮಾತ್ರ ತಿಂಗಳು ಮುಗಿಯೋದ್ರೊಳಗೆ ಖಾಲಿ ಅಂತ ಕೇಳಿದ್ನಲ್ಲ, ಎರಡೂ ಸರಿ ಆಯ್ತು ಮಾರಾಯ್ರೆ.

ಎಲ್‌ಎನ್‌ಬಿಗೆ (ಡಿಶ್ ಮುಂದೆ ಸಿಗ್ನಲ್ ಹಿಡಿಯೋ ಡಬ್ಬಿ) ಪ್ಲಾಸ್ಟಿಕ್ ಕಟ್ಟಿ ಅಂದಿದ್ದು ನಡೀಲಿಲ್ಲ, ಗಾಳಿಗೆ ಹಾರಿ ಪಕ್ಕದ ಮನೆ ತೆಂಗಿನಮರಕ್ಕೆ ಸಿಕ್ಹಾಕ್ಕೊಂತು. ಕಸ್ಟಮರ್ ಕೇರ್‌ನವ್ರದ್ದು ಬಾಕ್ಸ್ ಆಫ್ ಮಾಡಿ ಆನ್ ಮಾಡಿ ಅನ್ನೋ ಒಂದೇ ಮಂತ್ರ. ಎಲ್‌ಎನ್‌ಬಿಗೆ ಕೇಬಲ್ ಸೇರೋ ಕನೆಕ್ಟರ್ ಬಿಚ್ಚಿ ನೋಡಿ ಅಂದವ್ರೇ ಕರೆಕ್ಟ್. ಬಾಕ್ಸಿನ ಸ್ವಿಚ್ ಆಫ್ ಮಾಡಿ (ಇದು ಮರೀಬೇಡಿ, ಆ ಕೇಬಲ್ಲಲ್ಲೇ ಎಲ್‌ಎನ್‌ಬಿಗೆ ಕರೆಂಟ್ ಹೋಗೋದು) ಮೇಲೆ ಹತ್ತಿ ಕನೆಕ್ಟರ್ ತಿರುಗಿಸ್ದ್ರೆ ಒಳಗಿಂದ ನೀರು ತೊಟ್ಟಿಕ್ತಾ ಇತ್ತು, ನಡುವಿನ ತಂತಿ ಹಸಿರುಗಟ್ಟಿತ್ತು, ಉಪ್ಪುಗಾಳಿ ಊರಲ್ಲಿ ಕೇಳೋದೇ ಬೇಡ. ಕೇಬಲ್ ತುದಿ ಚೂರು ಕತ್ತರಿಸಿ ಹೊಸ ಕನೆಕ್ಟರ್ ಹಾಕಿ, ಟೇಪ್ ಸುತ್ತಿ, ಕೇಬಲ್ ಸ್ವಲ್ಪ ಕೆಳಗೆ ಜೋತು ಬೀಳೋ ಹಾಗೆ ಬಿಟ್ಟೆ, ನೀರು ಅಲ್ಲೇ ತೊಟ್ಟಿಕ್ಕಿ ಹೋಗ್ತದೆ. ದಪ್ಪ ಮಳೆ ಹೊಡೆದ್ರೆ ಈಗ್ಲೂ ಹೋಗ್ತದೆ, ಅದು ಕೆಯು ಬ್ಯಾಂಡ್ (ಡಿಶ್ ಸಿಗ್ನಲ್ ಬರೋ ತರಂಗ, ಮಳೆ ಅದನ್ನ ತಡೀತದೆ) ಹಣೆಬರಹ, ಯಾರೂ ಏನೂ ಮಾಡೋಕಾಗಲ್ಲ.

ದುಡ್ಡಿನ ವಿಷಯ ನೋಡಿದ್ರೆ ಪ್ಯಾಕಲ್ಲಿ ಒಂದೇ ಚಾನೆಲ್‌ನ ಎಸ್‌ಡಿ, ಎಚ್‌ಡಿ ಎರಡೂ ಸೇರಿತ್ತು, ಎರಡಕ್ಕೂ ಕಾಸು, ಅದ್ರ ಮೇಲೆ 18% ಜಿಎಸ್‌ಟಿ. ಮನೇಲಿರೋದು ಹಳೇ ಡಬ್ಬ ಟಿವಿ, ಅದಕ್ಕೆಂತ ಎಚ್‌ಡಿ? ಆಪ್‌ನಲ್ಲೇ ತೆಗೆದು ಹಾಕ್ದೆ.

ಡಿಡಿ ಫ್ರೀ ಡಿಶ್ ಹಾಕ್ಸಿ ಅಂದವ್ರಿಗೆ: ತಿಂಗಳಿಗೆ ಏನೂ ಕಟ್ಟೋದಿಲ್ಲ, ಚಂದನ ಬರ್ತದೆ, ಎಲ್ಲ ಸರಿ, ಆದ್ರೆ ಆಯಿ ನೋಡೋ ಧಾರಾವಾಹಿ ಚಾನೆಲ್ ಅದ್ರಲ್ಲಿಲ್ಲ. ಸದ್ಯಕ್ಕೆ ಬೇಡ.